ಮರಳುವ ಡ್ರೋನ್‌ಗೆ ಮನೆ ಗೊತ್ತೇ?

ಭತ್ತದ ಮೂಟೆಗಳನ್ನು ಗಿರಣಿಯಲ್ಲಿ ಇಳಿಸಿ ಇರುಳಿನಲ್ಲಿ ಊರಿಗೆ ಹಿಂದಿರುಗುವ ಬಂಡಿಯವನು ಹುಲ್ಲಿನ ಮೇಲೆ ಮೈಚೆಲ್ಲಿ ನಿದ್ದೆಹೋಗುತ್ತಿದ್ದ ಕಾಲವನ್ನು ಕಂಡವರು ಸಿರುಗುಪ್ಪ ಸೀಮೆಯಲ್ಲಿ ಇನ್ನೂ ಇದ್ದಾರೆ. ಹಗ್ಗ ಹಿಡಿಯುವವರಿಲ್ಲದಿದ್ದರೂ ಎತ್ತುಗಳು ದಾರಿ ತಪ್ಪುತ್ತಿರಲಿಲ್ಲ. ಕಾಲುವೆಯ ಸೇತುವೆ ಬಂದಾಗ ನಿಧಾನಿಸುತ್ತಿದ್ದವು, ಎದುರಿಗೆ ಇನ್ನೊಂದು ಬಂಡಿ ಬಂದರೆ ಪಕ್ಕಕ್ಕೆ ಸರಿಯುತ್ತಿದ್ದವು, ಕೊನೆಗೆ ಮನೆಯ ಮುಂದೆ ಬಂದು ನಿಲ್ಲುತ್ತಿದ್ದವು. ಮನೆ ಯಾವುದು, ದಾರಿ ಯಾವುದು, ದಾರಿಗೆ ಅಡ್ಡ ಬಂದದ್ದು ಯಾವುದು ಎಂಬ ಮೂರೂ ತಿಳಿವಳಿಕೆ ಆ ಮೂಕಪ್ರಾಣಿಗಳಿಗಿತ್ತು.

ಇಂದು ಅದೇ ಗದ್ದೆಗಳ ಮೇಲೆ ಡ್ರೋನ್‌ಗಳು ಹಾರಾಡುತ್ತಿವೆ. ಮದುವೆಯ ಮೆರವಣಿಗೆ, ಕುರುಗೋಡಿನ ದೊಡ್ಡಬಸವೇಶ್ವರನ ತೇರು, ಕೆಂಚನಗುಡ್ಡದ ಬಳಿ ತುಂಬಿ ಹರಿಯುವ ತುಂಗಭದ್ರೆ, ಹಸಿರು ಹಾಸಿದ ಭತ್ತದ ಬಯಲು ಇವೆಲ್ಲವನ್ನೂ ಮೇಲಿನಿಂದ ನೋಡುವ ಆಸೆ ಸಹಜವಾದದ್ದೇ. ಬಡಾವಣೆಯ ಹುಡುಗನಿಂದ ಹಿಡಿದು ಫೋಟೊ ಸ್ಟುಡಿಯೊ ಮಾಲೀಕನವರೆಗೆ ಈ ಯಂತ್ರವನ್ನು ಕೊಂಡವರಿಗೆಲ್ಲ ಧೈರ್ಯ ಕೊಡುವುದು ರಿಮೋಟ್‌ನ ಮೇಲಿರುವ ಒಂದು ಪುಟ್ಟ ಗುಂಡಿ. ‘ರಿಟರ್ನ್ ಟು ಹೋಮ್’ ಎಂದು ಅದರ ಹೆಸರು. ಏನೇ ಎಡವಟ್ಟಾದರೂ ಅದನ್ನು ಒತ್ತಿದರೆ ಸಾಕು, ಡ್ರೋನ್ ತಾನಾಗಿ ಮನೆಗೆ ಬಂದು ಇಳಿಯುತ್ತದೆ ಎಂಬುದು ಮಾರುವವನ ಭರವಸೆ, ಕೊಳ್ಳುವವನ ನಂಬಿಕೆ. ಬಂಡಿಯವನು ಎತ್ತುಗಳ ಮೇಲಿಟ್ಟ ನಂಬಿಕೆಯಂಥದ್ದೇ ಇದು. ಆದರೆ ಎತ್ತಿಗಿದ್ದ ಆ ಮೂರು ತಿಳಿವಳಿಕೆಗಳಲ್ಲಿ ಡ್ರೋನ್‌ಗೆ ಪೂರ್ಣವಾಗಿ ಒಂದೂ ಇಲ್ಲ ಎಂಬುದನ್ನು ಬಹಳ ಮಂದಿ ಯೋಚಿಸಿದಂತಿಲ್ಲ.

ಈ ನಂಬಿಕೆ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ವಿವರವಾದ ದಾಖಲೆಯೊಂದು ದೂರದ ನ್ಯೂಯಾರ್ಕ್‌ನಿಂದ ಬಂದಿದೆ. 2017ರ ಸೆಪ್ಟೆಂಬರ್ 21ರ ಸಂಜೆ ಅಲ್ಲಿ ವಿಶ್ವಸಂಸ್ಥೆಯ ಮಹಾಧಿವೇಶನ ನಡೆಯುತ್ತಿತ್ತು. ಕಾವಲಿಗಿದ್ದ ಅಮೆರಿಕ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಒಂದು ಸ್ಟೇಟನ್ ಐಲೆಂಡ್ ಸಮೀಪ ಸಮುದ್ರದ ಮೇಲೆ ಸುಮಾರು 300 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಹವ್ಯಾಸಿಯೊಬ್ಬನ ಫ್ಯಾಂಟಮ್ 4 ಡ್ರೋನ್ ಅದಕ್ಕೆ ಬಡಿಯಿತು. ಡ್ರೋನ್ ಅದರ ಒಡೆಯನಿಂದ ಸುಮಾರು ನಾಲ್ಕು ಕಿ.ಮೀ. ದೂರದಲ್ಲಿತ್ತು. ಅದು ಅವನ ಕಣ್ಣಿಗೆ ಕಾಣುತ್ತಿರಲಿಲ್ಲ, ಹೆಲಿಕಾಪ್ಟರ್ ಕೂಡ ಕಾಣುತ್ತಿರಲಿಲ್ಲ. ಆತ ಮಾಡಿದ್ದಿಷ್ಟೇ: ಮರಳುವ ಗುಂಡಿಯನ್ನು ಒತ್ತಿ ಕಾದ. ಡ್ರೋನ್ ಬರಲಿಲ್ಲ. ಎಲ್ಲೋ ನೀರಿಗೆ ಬಿದ್ದಿರಬೇಕೆಂದುಕೊಂಡು ಮನೆಗೆ ಹೋದ. ಹೆಲಿಕಾಪ್ಟರ್‌ನ ರೆಕ್ಕೆಯಲ್ಲಿ ತಗ್ಗು ಬಿದ್ದಿದ್ದರೂ ಅದು ಸುರಕ್ಷಿತವಾಗಿ ಇಳಿಯಿತು. ಅದರಲ್ಲಿ ಸಿಕ್ಕಿಕೊಂಡಿದ್ದ ಡ್ರೋನ್‌ನ ಚೂರನ್ನು ಹಿಡಿದು ತನಿಖಾಧಿಕಾರಿಗಳು ಒಡೆಯನನ್ನು ಪತ್ತೆಹಚ್ಚಿ ಸಂಪರ್ಕಿಸಿದಾಗಲೇ ಅವನಿಗೆ ತನ್ನ ಯಂತ್ರಕ್ಕೆ ಏನಾಯಿತೆಂಬುದು ತಿಳಿದದ್ದು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿಯ ವರದಿ ಯಂತ್ರವನ್ನು ದೂರಲಿಲ್ಲ. ಕಣ್ಣಳತೆಯ ಆಚೆಗೆ ಬೇಕೆಂದೇ ಹಾರಿಸಿದ್ದು ಕಾರಣವೆಂದೂ, ನಿಯಮಗಳ ಮತ್ತು ಸುರಕ್ಷಿತ ಹಾರಾಟದ ಅರೆಬರೆ ತಿಳಿವಳಿಕೆ ಅದಕ್ಕೆ ಕೂಡಿಕೊಂಡಿತೆಂದೂ ಹೇಳಿತು.

ಹಾಗಾದರೆ ಆ ಗುಂಡಿ ಒತ್ತಿದಾಗ ನಡೆಯುವುದಾದರೂ ಏನು? ಡ್ರೋನ್‌ಗೆ ಮನೆಯೆಂದರೆ ಅಕ್ಷಾಂಶ ಮತ್ತು ರೇಖಾಂಶಗಳ ಒಂದು ಜೋಡಿ ಅಂಕಿ. ಸಾಕಷ್ಟು ಉಪಗ್ರಹಗಳ ಸಂಕೇತ ದೊರೆತು ತನ್ನ ಜಾಗ ಯಾವುದೆಂದು ಖಚಿತವಾದ ಕ್ಷಣದಲ್ಲಿ ಅದು ಆ ಅಂಕಿಗಳನ್ನು ಬರೆದುಕೊಳ್ಳುತ್ತದೆ. ಇದನ್ನೇ ‘ಹೋಮ್ ಪಾಯಿಂಟ್’ ಎನ್ನುವುದು. ಪೆಟ್ಟಿಗೆಯಿಂದ ತೆಗೆದವನೇ ಬ್ಯಾಟರಿ ಹಾಕಿ, ಸಂಕೇತ ಸಿಗುವ ಮುನ್ನವೇ ಆತುರದಿಂದ ಮೇಲಕ್ಕೇರಿಸಿದರೆ ಡ್ರೋನ್ ಎಲ್ಲೋ ನಡುಗಾಳಿಯಲ್ಲಿ, ಸಂಕೇತ ಸಿಕ್ಕಲ್ಲಿ, ತನ್ನ ಮನೆಯನ್ನು ಗುರುತುಹಾಕಿಕೊಳ್ಳುತ್ತದೆ. ಆ ಜಾಗದ ಕೆಳಗೆ ಕಾಲುವೆ ಇರಬಹುದು, ಪಕ್ಕದವರ ತಗಡಿನ ಮಾಳಿಗೆ ಇರಬಹುದು. ಮರಳುವಾಗ ಅದು ಅಲ್ಲಿಯೇ ಇಳಿಯಲು ಹೊರಡುತ್ತದೆ. ಹಾರಿಸುವ ಮೊದಲು ಪರದೆಯ ಮೇಲೆ ಮನೆ ದಾಖಲಾಗಿದೆ ಎಂಬ ಸೂಚನೆ ಬರುವವರೆಗೆ ಒಂದೆರಡು ನಿಮಿಷ ಕಾಯುವುದು ಈ ವಿದ್ಯೆಯ ಮೊದಲ ಪಾಠ. ಮೊದಲು ಮರೆತುಹೋಗುವ ಪಾಠವೂ ಅದೇ.

ಗುಂಡಿ ಒತ್ತಿದಾಗ ಮಾತ್ರ ಡ್ರೋನ್ ಮರಳುವುದಿಲ್ಲ. ರಿಮೋಟ್‌ನೊಂದಿಗಿನ ಸಂಪರ್ಕ ಕಡಿದುಹೋದಾಗಲೂ, ಬ್ಯಾಟರಿ ಒಂದು ಮಟ್ಟಕ್ಕಿಂತ ಕೆಳಗಿಳಿದಾಗಲೂ ಅದು ಒಡೆಯನ ಅಪ್ಪಣೆಗೆ ಕಾಯದೆ ಹೊರಟುಬಿಡುತ್ತದೆ. ಇದು ಒಳ್ಳೆಯ ಏರ್ಪಾಡೇ. ಆದರೆ ಹೊರಡುವ ಬಗೆಯನ್ನು ಗಮನಿಸಬೇಕು. ಸಾಮಾನ್ಯವಾಗಿ ಅದು ಮೊದಲು ಪೂರ್ವನಿಗದಿತ ಎತ್ತರಕ್ಕೆ ನೇರವಾಗಿ ಏರುತ್ತದೆ, ನಂತರ ಮನೆಯ ಕಡೆಗೆ ಗೆರೆ ಎಳೆದಂತೆ ನೆಟ್ಟಗೆ ಬರುತ್ತದೆ, ಕೊನೆಗೆ ನೆಟ್ಟಗೆ ಕೆಳಗಿಳಿಯುತ್ತದೆ. ಹೋದ ದಾರಿಯಲ್ಲೇ ಅದು ಹಿಂದಿರುಗಬೇಕೆಂದೇನೂ ಇಲ್ಲ. ಮರ ಬಳಸಿ, ಗೋಪುರ ಬಳಸಿ ನೀವು ಜಾಣ್ಮೆಯಿಂದ ಒಯ್ದಿದ್ದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ.

ಆದ್ದರಿಂದ ಇಡೀ ವ್ಯವಸ್ಥೆಯ ಪ್ರಾಣವಿರುವುದು ಆ ‘ನಿಗದಿತ ಎತ್ತರ’ದಲ್ಲಿ. ಅದನ್ನು ನಿಗದಿ ಮಾಡಬೇಕಾದವನು ಹಾರಿಸುವವನು. ಫ್ಯಾಂಟಮ್‌ನಂಥ ಹಳೆಯ ಮಾದರಿಗಳಲ್ಲಿ ಕಾರ್ಖಾನೆಯಿಂದ ಬರುವಾಗಲೇ 30 ಮೀಟರ್ ಎಂದು ಇಟ್ಟಿರುತ್ತಿದ್ದರು. ಸಿರುಗುಪ್ಪದ ಗದ್ದೆಗಳಲ್ಲಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಒಯ್ಯುವ ಸಾಮಾನ್ಯ ಕಂಬಗಳ ಮೇಲೆ ಇದು ದಾಟೀತು. ಆದರೆ ಬಳ್ಳಾರಿ ಜಿಲ್ಲೆಯೆಂದರೆ ಕುಡತಿನಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿರುವ ಜಿಲ್ಲೆ. ಹೈಟೆನ್ಷನ್ ತಂತಿಗಳನ್ನು ಹೊತ್ತ ಉಕ್ಕಿನ ಗೋಪುರಗಳು ಹೊಲಗದ್ದೆಗಳ ನಡುವೆ ಸಾಲುಗಟ್ಟಿ ನಿಂತಿವೆ. ಅವುಗಳಲ್ಲಿ ಅನೇಕವು 30 ಮೀಟರ್ ಮೀರುತ್ತವೆ. ಮೊಬೈಲ್ ಗೋಪುರಗಳ ಕಥೆಯೂ ಅಷ್ಟೇ. ಹಾರಿಸುವ ಜಾಗದ ಸುತ್ತ ನಿಂತು ಕಣ್ಣಾಡಿಸಿ, ಅತಿ ಎತ್ತರದ ವಸ್ತು ಯಾವುದೆಂದು ಕಂಡುಕೊಂಡು, ಅದರ ಮೇಲೆ ಇಪ್ಪತ್ತು ಮೀಟರ್‌ನಷ್ಟಾದರೂ ಸೇರಿಸಿ ಎತ್ತರ ಹೊಂದಿಸಬೇಕು. ಇದು ಪ್ರತಿ ಹೊಸ ಜಾಗದಲ್ಲಿಯೂ ಮಾಡಬೇಕಾದ ಕೆಲಸ. ನಿನ್ನೆ ಬಯಲಿನಲ್ಲಿ ಹೊಂದಿಸಿದ ಎತ್ತರ ಇಂದು ಬಳ್ಳಾರಿಯ ಗಲ್ಲಿಯಲ್ಲಿ ನಡೆಯುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಡ್ರೋನ್ ಲೆಕ್ಕಹಾಕುವ ಎತ್ತರ ಅದರ ಕೆಳಗಿರುವ ನೆಲದಿಂದಲ್ಲ, ಅದು ಹಾರಿದ ಜಾಗದಿಂದ. ಸಿರುಗುಪ್ಪದ ಮಟ್ಟಸ ಬಯಲಿನಲ್ಲಿ ಎರಡೂ ಒಂದೇ. ಬಳ್ಳಾರಿಯ ಕೋಟೆ ಗುಡ್ಡದ ಬುಡದಲ್ಲೋ ಕುರುಗೋಡಿನ ಬೆಟ್ಟದ ಬುಡದಲ್ಲೋ ನಿಂತವನಿಗೆ ಒಂದೇ ಅಲ್ಲ. ಬುಡದಿಂದ ಹಾರಿಸಿ, ಗುಡ್ಡವನ್ನು ಬಳಸಿ ಆಚೆಗೆ ಒಯ್ದರೆಂದು ಇಟ್ಟುಕೊಳ್ಳಿ. ನಡುವೆ ಬಂಡೆ ನಿಂತ ಕೂಡಲೇ ರಿಮೋಟ್‌ನ ರೇಡಿಯೊ ಸಂಕೇತ ಕಡಿಯುತ್ತದೆ. ಡ್ರೋನ್ ವಿಧೇಯವಾಗಿ 40 ಮೀಟರ್‌ಗೆ ಏರಿ, ನಿಮ್ಮತ್ತ ನೆಟ್ಟಗೆ ಹೊರಡುತ್ತದೆ. ನಡುವೆ ಅದಕ್ಕಿಂತ ಎತ್ತರದ ಗ್ರಾನೈಟ್ ಇದೆ ಎಂಬುದು ಅದರ ಅಂಕಿಗಳಲ್ಲಿ ಇಲ್ಲ. ಮುಂದೆ ನೋಡುವ ಕ್ಯಾಮೆರಾ ಕಣ್ಣುಗಳಿರುವ ದುಬಾರಿ ಮಾದರಿಯಾದರೆ, ಹಗಲಾಗಿದ್ದರೆ, ಬಹುಶಃ ನಿಂತೀತು. ಉಳಿದವು ಬಂಡೆಗೆ ಬಡಿಯುತ್ತವೆ.

ಈ ‘ಕಣ್ಣು’ಗಳ ಬಗ್ಗೆಯೂ ಒಂದು ಮಾತು. ಅಡೆತಡೆ ಗುರುತಿಸುವ ಸಂವೇದಕಗಳು ಇತ್ತೀಚಿನ ಮಾದರಿಗಳಲ್ಲಿ ಸುಧಾರಿಸಿರುವುದು ನಿಜ. ಗೋಡೆ, ದಟ್ಟವಾದ ಮರ, ಕಟ್ಟಡಗಳನ್ನು ಅವು ಕಾಣುತ್ತವೆ. ತೆಳುವಾದ ವಿದ್ಯುತ್ ತಂತಿಯನ್ನು, ಎಲೆ ಉದುರಿದ ರೆಂಬೆಯನ್ನು, ಗಾಳಿಪಟದ ದಾರವನ್ನು ಕಾಣುವುದು ಕಷ್ಟ. ಕತ್ತಲಾದ ಮೇಲೆ ಕ್ಯಾಮೆರಾ ಅವಲಂಬಿಸಿದ ಕಣ್ಣುಗಳು ಕುರುಡಾಗುತ್ತವೆ. ಮದುವೆಯ ಮೆರವಣಿಗೆ ಹೊರಡುವುದು, ತೇರಿನ ಬಯಲು ದೀಪಗಳಿಂದ ಬೆಳಗುವುದು ಆ ಹೊತ್ತಿನಲ್ಲೇ. ನೆಲವನ್ನು ನೋಡುತ್ತ ಸ್ಥಿರವಾಗಿ ನಿಲ್ಲಲು ನೆರವಾಗುವ ಕೆಳಮುಖ ಕ್ಯಾಮೆರಾ ಹರಿಯುವ ನೀರಿನ ಮೇಲೆ ಗೊಂದಲಕ್ಕೊಳಗಾಗುತ್ತದೆ. ನೆಲ ನಿಂತಿದೆಯೋ ತಾನು ಚಲಿಸುತ್ತಿದ್ದೇನೆಯೋ ಎಂದು ಅದಕ್ಕೆ ತಿಳಿಯದು. ನದಿಯ ಮೇಲೆ ತೀರಾ ಕೆಳಗೆ ಹಾರಿಸಬಾರದು ಎನ್ನುವುದು ಇದಕ್ಕೇ.

ನದಿಯ ಮಾತು ಬಂದದ್ದರಿಂದ ಹರಿಗೋಲನ್ನು ನೆನೆಯಬೇಕು. ತುಂಗಭದ್ರೆಯಲ್ಲಿ ಹರಿಗೋಲಿನಲ್ಲಿ ಕುಳಿತು ಡ್ರೋನ್ ಹಾರಿಸಿದವನ ಮನೆ ಯಾವುದು? ಅವನ ಪಾಲಿಗೆ ಹರಿಗೋಲು. ಡ್ರೋನ್ ಪಾಲಿಗೆ, ಹತ್ತು ನಿಮಿಷದ ಹಿಂದೆ ಹರಿಗೋಲು ಇದ್ದ ನೀರಿನ ಜಾಗ. ಹರಿಗೋಲು ನೂರು ಮಾರು ಕೆಳಗೆ ತೇಲಿ ಬಂದಿದ್ದರೂ ಅದು ಅಲ್ಲಿಗೇ ಹೋಗಿ, ಅಷ್ಟೇ ಶಿಸ್ತಿನಿಂದ ನಡುನೀರಿನಲ್ಲಿ ಇಳಿಯುತ್ತದೆ. ಚಲಿಸುವ ಕಾರಿನಿಂದ, ಟ್ರ್ಯಾಕ್ಟರ್‌ನಿಂದ ಹಾರಿಸುವವರಿಗೂ ಇದೇ ಗತಿ. ಮನೆಯ ಜಾಗವನ್ನು ನಡುವೆ ಬದಲಿಸುವ, ರಿಮೋಟ್ ಇರುವ ಕಡೆಗೇ ಮನೆಯನ್ನು ಸರಿಸುವ ಅನುಕೂಲ ಅನೇಕ ಮಾದರಿಗಳಲ್ಲಿದೆ. ಅದನ್ನು ಬಳಸಬೇಕೆಂಬುದು ಹಾರಿಸುವವನಿಗೆ ನೆನಪಿರಬೇಕು.

ಮನೆ ಸರಿಯದಿದ್ದರೂ ಮನೆಯ ಅಂಗಳ ಬದಲಾಗುವುದುಂಟು. ಜಾತ್ರೆಯ ದಿನ ಮಧ್ಯಾಹ್ನ ಮೂರಕ್ಕೆ ಖಾಲಿ ಇದ್ದ ಮೈದಾನದಿಂದ ಡ್ರೋನ್ ಹಾರಿಸುತ್ತೀರಿ. ಬ್ಯಾಟರಿ ಬದಲಿಸಿ ಮತ್ತೆ ಅಲ್ಲಿಂದಲೇ ಹಾರಿಸುತ್ತೀರಿ. ತೇರು ಎಳೆಯುವ ಹೊತ್ತಿಗೆ ಅದೇ ಮೈದಾನದಲ್ಲಿ ಜನ ಕಿಕ್ಕಿರಿದಿರುತ್ತಾರೆ, ಅಪ್ಪನ ಹೆಗಲ ಮೇಲೆ ಮಕ್ಕಳು ಕುಳಿತಿರುತ್ತಾರೆ. ತೇರಿನತ್ತ ಬಾಳೆಹಣ್ಣು, ಉತ್ತತ್ತಿ ತೂರಿಬರುತ್ತಿರುತ್ತವೆ. ನೂರಾರು ಮೊಬೈಲ್‌ಗಳ ನಡುವೆ ರಿಮೋಟ್‌ನ ಸಂಕೇತ ಕ್ಷೀಣಿಸಿದರೆ ಆಶ್ಚರ್ಯವಿಲ್ಲ. ಆಗ ತಾನಾಗಿ ಮರಳುವ ಡ್ರೋನ್, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ನಾಲ್ಕು ರೆಕ್ಕೆಗಳೊಡನೆ, ಆ ಮಕ್ಕಳ ತಲೆಯ ಮೇಲೆ ಇಳಿಯಲು ಬರುತ್ತದೆ. ಇಂಥ ಕಡೆ ಮಾಳಿಗೆಯ ಮೇಲೋ ಹಗ್ಗ ಕಟ್ಟಿ ಕಾದಿರಿಸಿದ ಜಾಗದಲ್ಲೋ ಮನೆ ಮಾಡಿಕೊಳ್ಳುವುದು, ಅಲ್ಲಿ ಒಬ್ಬರನ್ನು ಕಾವಲಿಗೆ ನಿಲ್ಲಿಸುವುದು ಕನಿಷ್ಠ ವಿವೇಕ. ಜನಸಂದಣಿಯ ಮೇಲೆ ಹಾರಿಸಲೇಬಾರದೆನ್ನುವುದು ಅದಕ್ಕೂ ಮೇಲಿನ ವಿವೇಕ. ಅದನ್ನು ಹೇಳಿದರೆ ಸ್ಟುಡಿಯೊದವರು ಸಿಟ್ಟಾಗುತ್ತಾರೆಂಬುದು ನನಗೆ ಗೊತ್ತು.

ಮಾಳಿಗೆಯೆಂದಾಗ ಇನ್ನೊಂದು ತೊಡಕು. ಡ್ರೋನ್‌ನೊಳಗೆ ಒಂದು ದಿಕ್ಸೂಚಿ ಇರುತ್ತದೆ. ಮನೆ ಯಾವ ದಿಕ್ಕಿಗಿದೆ ಎಂದು ತಿಳಿದರೂ ತನ್ನ ಮುಖ ಯಾವ ದಿಕ್ಕಿಗಿದೆ ಎಂದು ತಿಳಿಯಲು ಅದಕ್ಕೆ ದಿಕ್ಸೂಚಿ ಬೇಕು. ಅದು ಮೋಸಹೋದರೆ ಮರಳುವ ಡ್ರೋನ್ ನೆಟ್ಟಗೆ ಬರುವ ಬದಲು ಗಿರಕಿ ಹೊಡೆಯತೊಡಗುತ್ತದೆ, ಇಲ್ಲವೇ ಎತ್ತಲೋ ಹೋಗುತ್ತದೆ. ಬಳ್ಳಾರಿಯವರು ಇದನ್ನು ಕೇಳಿದೊಡನೆ ಸಂಡೂರಿನ ಕಬ್ಬಿಣದ ಅದಿರನ್ನು ನೆನೆಯುತ್ತಾರೆ. ಅಲ್ಲಿಯ ಅದಿರು ಬಹುಪಾಲು ಹೆಮಟೈಟ್, ಅದರ ಕಾಂತಗುಣ ದುರ್ಬಲ. ನಿಜವಾದ ಶತ್ರು ಇನ್ನೂ ಹತ್ತಿರದಲ್ಲಿದೆ. ಆರ್‌ಸಿಸಿ ಮಾಳಿಗೆಯ ಒಳಗಿನ ಕಬ್ಬಿಣದ ಸರಳುಗಳು, ಕಾರಿನ ಬಾನೆಟ್, ಕಾಲುವೆಯ ತೂಬಿನ ಉಕ್ಕಿನ ಬಾಗಿಲು ಇವುಗಳ ಮೇಲಿಟ್ಟು ಹಾರಿಸಬಾರದು. ಮಾಳಿಗೆಯೇ ಗತಿಯಾದರೆ ಮರದ ಸ್ಟೂಲೊಂದರ ಮೇಲಿಟ್ಟು ನೆಲದಿಂದ ದೂರ ಮಾಡಬೇಕು.

ಇವೆಲ್ಲಕ್ಕಿಂತ ಹೆಚ್ಚಾಗಿ ಲೆಕ್ಕ ತಪ್ಪಿಸುವುದು ಗಾಳಿ. ಆಷಾಢದ ಗಾಳಿ ಬಯಲುಸೀಮೆಗೆ ಹೊಸದಲ್ಲ. ನೆರೆಯ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದೇ ಆ ಗಾಳಿಯನ್ನು ನಂಬಿ. ನೆಲದ ಮೇಲೆ ಅಂಗಿಯ ಚುಂಗು ಅಲುಗುವಷ್ಟೇ ಗಾಳಿ ಇದ್ದಾಗಲೂ 80 ಮೀಟರ್ ಎತ್ತರದಲ್ಲಿ ಅದು ಸಾಕಷ್ಟು ಜೋರಾಗಿರಬಹುದು. ಸರಳ ಲೆಕ್ಕವೊಂದನ್ನು ನೋಡೋಣ. ಡ್ರೋನ್ ಮರಳುವ ವೇಗ ಸೆಕೆಂಡಿಗೆ 10 ಮೀಟರ್ ಎನ್ನೋಣ. ಗಾಳಿಯೇ ಇಲ್ಲದಿದ್ದರೆ ಒಂದು ಕಿ.ಮೀ. ದೂರದಿಂದ ಅದು 100 ಸೆಕೆಂಡಿನಲ್ಲಿ ಮನೆ ಸೇರುತ್ತದೆ. ಎದುರಿನಿಂದ ಸೆಕೆಂಡಿಗೆ 7 ಮೀಟರ್ ವೇಗದ ಗಾಳಿ ಬೀಸುತ್ತಿದ್ದರೆ ಉಳಿಯುವ ವೇಗ ಮೂರೇ ಮೀಟರ್. ಆಗ ಬೇಕಾಗುವ ಸಮಯ 333 ಸೆಕೆಂಡು, ಅಂದರೆ ಐದೂವರೆ ನಿಮಿಷ. ಹೋಗುವಾಗ ಅದೇ ಗಾಳಿ ಬೆನ್ನ ಹಿಂದಿದ್ದುದರಿಂದ ಒಂದು ನಿಮಿಷಕ್ಕೆ ಮೊದಲೇ ಅಲ್ಲಿಗೆ ತಲುಪಿತ್ತು! ಹಾರಿಸುವವನ ಮನಸ್ಸಿನಲ್ಲಿ ಉಳಿಯುವುದು ಆ ಒಂದು ನಿಮಿಷ. ಬ್ಯಾಟರಿ ಎಷ್ಟಿದ್ದರೆ ಮನೆ ಸೇರಬಹುದೆಂದು ಡ್ರೋನ್ ತಾನೂ ಲೆಕ್ಕಹಾಕುತ್ತದೆ. ಆದರೆ ಮುಂದೆ ಎದುರಾಗುವ ಗಾಳಿಯ ಅಂದಾಜು ಎಲ್ಲ ಮಾದರಿಗಳಲ್ಲೂ ಸಮರ್ಪಕವಾಗಿರುವುದಿಲ್ಲ. ಬ್ಯಾಟರಿ ತೀರಾ ಕುಸಿದರೆ ಬಹುತೇಕ ಡ್ರೋನ್‌ಗಳು ಮನೆಯ ಆಸೆ ಬಿಟ್ಟು ಇದ್ದಲ್ಲೇ ಇಳಿಯತೊಡಗುತ್ತವೆ. ಕೆಳಗೆ ಇರುವುದು ನಾಟಿ ಮಾಡಿದ ಗದ್ದೆಯಾದರೆ ಯಂತ್ರ ಮಾತ್ರ ಹಾಳು, ಹೆದ್ದಾರಿಯಾದರೆ ಬೈಕ್ ಸವಾರನ ಜೀವವೂ ಹೋಗಬಹುದು. ಆದ್ದರಿಂದ ಗಾಳಿ ಇರುವ ದಿನ ಮೊದಲು ಗಾಳಿಗೆ ಎದುರಾಗಿ ಒಯ್ಯಬೇಕು, ಮರಳುವಾಗ ಗಾಳಿ ಬೆನ್ನು ತಟ್ಟಬೇಕು. ನದಿ ದಾಟುವ ಅಂಬಿಗನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮರಳದೇ ಇರುವುದೇ ಸುರಕ್ಷಿತವಾದ ಸಂದರ್ಭಗಳೂ ಇವೆ. ಕಲ್ಯಾಣ ಮಂಟಪದೊಳಗೆ, ಶಾಮಿಯಾನದ ಅಡಿಯಲ್ಲಿ, ಸೇತುವೆಯ ಕಮಾನಿನ ಕೆಳಗೆ ಹಾರುತ್ತಿರುವ ಡ್ರೋನ್‌ನ ಸಂಪರ್ಕ ಕಡಿದರೆ ಅದು ಮೊದಲು ಮಾಡುವ ಕೆಲಸ ಮೇಲಕ್ಕೇರುವುದು. ಮೇಲೆ ಇರುವುದು ಸೂರು. ಇಂಥಲ್ಲಿ ಸಂಪರ್ಕ ತಪ್ಪಿದರೆ ನಿಂತಲ್ಲೇ ನಿಲ್ಲು ಎಂದೋ ಇದ್ದಲ್ಲೇ ಇಳಿ ಎಂದೋ ಮುಂಚಿತವಾಗಿ ಹೊಂದಿಸಬಹುದು. ಹೊರಗೆ ಬಂದಾಗ ಮತ್ತೆ ಬದಲಿಸಬೇಕು. ಹಾಗೆಯೇ, ಮರಳುತ್ತಿರುವ ಡ್ರೋನ್ ತಪ್ಪು ದಾರಿ ಹಿಡಿದರೆ ಅದನ್ನು ತಡೆದು ಕೈವಶ ಮಾಡಿಕೊಳ್ಳುವ ಗುಂಡಿ ಯಾವುದೆಂಬುದು ಬೆರಳಿಗೆ ಗೊತ್ತಿರಬೇಕು. ಆಪತ್ತಿನ ಹೊತ್ತಿನಲ್ಲಿ ಪರದೆಯ ಮೇಲೆ ಹುಡುಕಿ ಓದುವಷ್ಟು ಸಮಯ ಇರುವುದಿಲ್ಲ.

ಅಗ್ಗದ ಆಟಿಕೆ ಡ್ರೋನ್‌ಗಳ ವಿಷಯದಲ್ಲಿ ಇಷ್ಟು ಚರ್ಚೆಯೂ ಬೇಕಿಲ್ಲ. ಕೆಲವು ಸಾವಿರ ರೂಪಾಯಿಗೆ ಸಿಗುವ ಅನೇಕ ಆಟಿಕೆಗಳ ಪೆಟ್ಟಿಗೆಯ ಮೇಲೂ ‘ಒಂದೇ ಗುಂಡಿಯಲ್ಲಿ ವಾಪಸ್’ ಎಂದು ಬರೆದಿರುತ್ತದೆ. ಅವುಗಳಲ್ಲಿ ಬಹುತೇಕಕ್ಕೆ ಜಿಪಿಎಸ್ ಇರುವುದೇ ಇಲ್ಲ. ಹಾರಿದ ಕ್ಷಣದಲ್ಲಿ ‘ಹಿಂದೆ’ ಯಾವ ದಿಕ್ಕಿಗಿತ್ತೋ ಆ ದಿಕ್ಕಿಗೆ ಅವು ಚಲಿಸುತ್ತವೆ, ಅಷ್ಟೇ. ಒಡೆಯ ನಿಂತ ಜಾಗ ಬಂದಿತೆಂದು ನಿಲ್ಲುವ ವಿವೇಕ ಅವಕ್ಕಿಲ್ಲ.

ಕಾನೂನು ಏನು ಹೇಳುತ್ತದೆ? ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2018ರ ಆಗಸ್ಟ್‌ನಲ್ಲಿ ಪ್ರಕಟಿಸಿ, ಆ ವರ್ಷದ ಡಿಸೆಂಬರ್ 1ರಿಂದ ಜಾರಿಗೆ ತಂದ ನಿಬಂಧನೆಗಳು, ನ್ಯಾನೊ ವರ್ಗವನ್ನು ಬಿಟ್ಟು ಉಳಿದ ಡ್ರೋನ್‌ಗಳಲ್ಲಿ ಹಾರಾಟವನ್ನು ತಾನಾಗಿ ಕೊನೆಗೊಳಿಸುವ ಅಥವಾ ಮನೆಗೆ ಮರಳುವ ವ್ಯವಸ್ಥೆ ಇರಲೇಬೇಕೆಂದಿದ್ದವು. 2021ರ ಆಗಸ್ಟ್ 25ರಂದು ಹೊರಬಂದ ಡ್ರೋನ್ ನಿಯಮಗಳು ಹಳೆಯ ಬಿಗಿಯನ್ನು ಬಹಳಷ್ಟು ಸಡಿಲಿಸಿದವು. 250 ಗ್ರಾಂವರೆಗಿನ ನ್ಯಾನೊ ಡ್ರೋನ್‌ಗೂ, ವಾಣಿಜ್ಯೇತರವಾಗಿ ಹಾರಿಸುವ ಎರಡು ಕಿಲೊವರೆಗಿನ ಮೈಕ್ರೊ ಡ್ರೋನ್‌ಗೂ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಹಣ ಪಡೆದು ಮದುವೆ ಚಿತ್ರೀಕರಿಸುವವನ ಮೈಕ್ರೊ ಡ್ರೋನ್ ಈ ವಿನಾಯಿತಿಗೆ ಒಳಪಡುವುದಿಲ್ಲ. ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್‌ವರೆಗೆ ಅನುಮತಿಯಿಲ್ಲದೆ ಹಾರಿಸಬಹುದು. ವಿಮಾನ ನಿಲ್ದಾಣದ ಸುತ್ತಿನ 8ರಿಂದ 12 ಕಿ.ಮೀ. ಪಟ್ಟಿಯಲ್ಲಿ ಮಾತ್ರ ಈ ಮಿತಿ 200 ಅಡಿ. ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದ ಸುತ್ತ ಇಂಥ ಪಟ್ಟಿಯಲ್ಲಿ ನಿಂತು ಮರಳುವ ಎತ್ತರವನ್ನು 100 ಮೀಟರ್‌ಗೆ ಇಟ್ಟವನು, ತಾನು 40 ಮೀಟರ್‌ನಲ್ಲೇ ಹಾರಿಸುತ್ತಿದ್ದೇನೆಂಬ ನೆಮ್ಮದಿಯಲ್ಲಿರುವಾಗಲೇ ಯಂತ್ರ ತಾನಾಗಿ ಏರಿ ಅವನನ್ನು ತಪ್ಪಿತಸ್ಥನನ್ನಾಗಿ ಮಾಡಬಹುದು. ಎಲ್ಲಿ ಯಾವ ವಲಯವಿದೆ ಎಂಬುದನ್ನು 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಸರ್ಕಾರಿ ವಾಯುಪ್ರದೇಶ ನಕ್ಷೆಯಲ್ಲಿ ನೋಡಬಹುದು. ಹಾರಿಸುವ ಮುನ್ನ ಅದನ್ನು ತೆರೆದು ನೋಡುವವರು ಎಷ್ಟು ಮಂದಿಯೋ!

ಮನುಷ್ಯರಿರುವ ವಿಮಾನಕ್ಕೆ ಡ್ರೋನ್ ಯಾವಾಗಲೂ ದಾರಿ ಬಿಡಬೇಕೆಂಬುದೂ ಅದೇ ನಿಯಮಗಳಲ್ಲಿದೆ. ಆದರೆ ತಾನಾಗಿ ಮರಳುತ್ತಿರುವ ಹವ್ಯಾಸಿ ಡ್ರೋನ್‌ಗೆ ದಾರಿ ಬಿಡುವುದು ಗೊತ್ತಿಲ್ಲ. ಆ ಕೆಲಸ ಕೆಳಗೆ ನಿಂತವನ ಕಣ್ಣಿನದು, ಕಿವಿಯದು. ಯಂತ್ರ ಕಣ್ಣಳತೆಯ ಆಚೆ ಹೋದ ಮೇಲೆ ಆ ಕೆಲಸ ಮಾಡುವವರು ಯಾರೂ ಇರುವುದಿಲ್ಲ. ಸಣ್ಣ ಡ್ರೋನ್ ಏನು ಮಾಡೀತು ಎನ್ನುವವರಿಗೆ 2025ರ ಜನವರಿ 9ರ ಘಟನೆ ಉತ್ತರ. ಲಾಸ್ ಏಂಜಲಿಸ್‌ನ ಪ್ಯಾಲಿಸೇಡ್ಸ್ ಕಾಳ್ಗಿಚ್ಚಿನ ಮೇಲೆ ನೀರು ಸುರಿಯುತ್ತಿದ್ದ ‘ಸೂಪರ್ ಸ್ಕೂಪರ್’ ವಿಮಾನಕ್ಕೆ ಬಡಿದು ಅದರ ರೆಕ್ಕೆಯಲ್ಲಿ ತೂತು ಮಾಡಿದ್ದು 250 ಗ್ರಾಂಗಿಂತ ಕಡಿಮೆ ತೂಕದ ವರ್ಗದ ಡ್ರೋನ್. ಬೆಂಕಿಯನ್ನು ಮೇಲಿನಿಂದ ನೋಡುವ ಕುತೂಹಲದಿಂದ ಎರಡೂವರೆ ಕಿ.ಮೀ. ದೂರಕ್ಕೆ ಕಳಿಸಿ, ಅದು ಕಣ್ಮರೆಯಾದ ಮೇಲೂ ಸುಮ್ಮನಿದ್ದ ವ್ಯಕ್ತಿ ಬಳಿಕ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಬೆಂಕಿ ನಂದಿಸುವ ವಿಮಾನ ಅಗತ್ಯವಿದ್ದ ದಿನಗಳಲ್ಲೇ ದುರಸ್ತಿಗಾಗಿ ನೆಲದ ಮೇಲೆ ನಿಂತಿತು.

ನಮ್ಮಲ್ಲಿ ತೊಡಕಿಗೆ ಇನ್ನೊಂದು ಮುಖವಿದೆ. 2022ರ ಫೆಬ್ರುವರಿ 9ರಂದು ಕೇಂದ್ರ ಸರ್ಕಾರ ಸಿದ್ಧ ಡ್ರೋನ್‌ಗಳ ಆಮದನ್ನು ನಿಷೇಧಿಸಿತು. ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಉದ್ದೇಶಗಳಿಗಷ್ಟೇ ವಿನಾಯಿತಿ. ದೇಶೀಯ ಉದ್ಯಮಕ್ಕೆ ಇದರಿಂದ ನೆರವಾಗಿರಬಹುದು. ಹವ್ಯಾಸಿಗಳ ಕೈಗೆ ಮಾತ್ರ ಹಳೆಯ ವಿದೇಶಿ ಡ್ರೋನ್‌ಗಳು ಕೈಯಿಂದ ಕೈಗೆ ದಾಟಿ ಬರುತ್ತಿವೆ. ಅವುಗಳೊಂದಿಗೆ ಕೈಪಿಡಿ ಬರುವುದಿಲ್ಲ, ಹಿಂದಿನ ಒಡೆಯ ಮರಳುವ ಎತ್ತರವನ್ನು ಎಷ್ಟಕ್ಕೆ ಇಟ್ಟಿದ್ದನೆಂಬ ಮಾಹಿತಿಯೂ ಬರುವುದಿಲ್ಲ. ಕೈಪಿಡಿ ಇದ್ದರೂ ಅದು ಕನ್ನಡದಲ್ಲಿರುವುದು ಅಪರೂಪ. ಔಷಧಿ ಸಿಂಪಡಿಸುವ ಕೃಷಿ ಡ್ರೋನ್ ಹಾರಿಸುವವರಿಗೆ ತರಬೇತಿ ಇದೆ. 2023ರಲ್ಲಿ ಮಂಜೂರಾದ ‘ನಮೋ ಡ್ರೋನ್ ದೀದಿ’ ಯೋಜನೆಯಡಿ ಸ್ವಸಹಾಯ ಸಂಘಗಳ ಮಹಿಳೆಯರಿಗೂ ಅದನ್ನು ಕಲಿಸಲಾಗುತ್ತಿದೆ. ಯಾವ ತರಬೇತಿಯೂ ಕಡ್ಡಾಯವಲ್ಲದ ಹವ್ಯಾಸಿಯೇ ಮರಳುವ ಗುಂಡಿಯನ್ನು ಎಲ್ಲರಿಗಿಂತ ಹೆಚ್ಚು ನೆಚ್ಚಿಕೊಂಡಿರುವುದು ವಿಪರ್ಯಾಸ.

ಅವನು ತಾನೇ ಕಲಿಯಬಹುದಾದ ಬಗೆಯೊಂದಿದೆ, ಖರ್ಚೂ ಇಲ್ಲ. ಭತ್ತ ಕೊಯ್ದಾದ ಮೇಲೆ ಗದ್ದೆಗಳು ಬಯಲಾಗಿ ಮಲಗಿರುತ್ತವೆ. ತಂತಿಯಿಲ್ಲದ, ಜನರಿಲ್ಲದ ಅಂಥ ಬಯಲಿನಲ್ಲಿ, ಬೆಳಗಿನ ತಂಪು ಹೊತ್ತಿನಲ್ಲಿ, ಬ್ಯಾಟರಿ ತುಂಬಿರುವಾಗಲೇ ನೂರು ಮೀಟರ್ ದೂರ ಒಯ್ದು ಬೇಕೆಂದೇ ಮರಳುವ ಗುಂಡಿ ಒತ್ತಬೇಕು. ಎಷ್ಟು ಎತ್ತರ ಏರಿತು, ಯಾವ ಗೆರೆಯಲ್ಲಿ ಬಂದಿತು, ಹಾರಿದ ಜಾಗಕ್ಕಿಂತ ಎಷ್ಟು ಮಾರು ಆಚೀಚೆ ಇಳಿಯಿತು ಎಂಬುದನ್ನು ಕಣ್ಣಾರೆ ನೋಡಬೇಕು. ಜಿಪಿಎಸ್ ಒಂದನ್ನೇ ನೆಚ್ಚಿದ ಯಂತ್ರ ಕೆಲವು ಮೀಟರ್ ತಪ್ಪುವುದು ಸಹಜ. ಎರಡನೆಯ ಸಲ ಅರ್ಧ ದಾರಿಯಲ್ಲಿ ತಡೆದು ಕೈಯಾರೆ ಇಳಿಸಬೇಕು. ಮೂರನೆಯ ಸಲ ಗಾಳಿ ಇರುವ ದಿನ, ಗಾಳಿಗೆ ಎದುರಾಗಿ ಬರುವಾಗ ಎಷ್ಟು ಬ್ಯಾಟರಿ ತಿಂದಿತೆಂದು ಗುರುತುಹಾಕಿಕೊಳ್ಳಬೇಕು. ಇಷ್ಟು ಮಾಡಿದವನು ಆ ಗುಂಡಿಯನ್ನು ಅಪರೂಪಕ್ಕೆ ಒತ್ತುತ್ತಾನೆ. ಬ್ಯಾಟರಿ ಮೂರನೇ ಒಂದು ಭಾಗ ಇರುವಾಗಲೇ ತಾನೇ ಹಿಂದಕ್ಕೆ ಕರೆತರುತ್ತಾನೆ.

ಸಿರುಗುಪ್ಪಕ್ಕೆ ಇದು ಬರೀ ಹವ್ಯಾಸದ ಮಾತಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ನೆರೆಯಲ್ಲಿ ಈ ತಾಲ್ಲೂಕಿನ ಹಳ್ಳಿಗಳು ನೀರಿನಲ್ಲಿ ಮುಳುಗಿದ್ದವು. 2019ರ ಆಗಸ್ಟ್‌ನಲ್ಲಿ ಹಂಪಿಯ ಎದುರುದಡದ ವಿರೂಪಾಪುರ ಗಡ್ಡೆಯಲ್ಲಿ ಸಿಲುಕಿದ್ದ ಪ್ರವಾಸಿಗರನ್ನು ಕರೆತರಲು ಹೆಲಿಕಾಪ್ಟರ್ ಬರಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ ನೊರೆಯುಕ್ಕುವ ನೀರಿನ ದೃಶ್ಯಗಳು ಎಲ್ಲರ ಮೊಬೈಲ್‌ಗಳನ್ನೂ ತುಂಬಿದವು. ಮುಂದಿನ ನೆರೆಯಲ್ಲಿ ರಕ್ಷಣೆಗೆ ಬರುವ ಹೆಲಿಕಾಪ್ಟರ್ ಹಾರುವುದು ಕೆಳಗೆ, ಡ್ರೋನ್‌ಗಳು ಮರಳುವ ಎತ್ತರದಲ್ಲೇ. ಆ ಹೊತ್ತಿಗೆ ದಡದಲ್ಲಿ ಎಷ್ಟು ಡ್ರೋನ್‌ಗಳು ಮೇಲೇರಿರುತ್ತವೋ, ಅವುಗಳಲ್ಲಿ ಎಷ್ಟು ಒಡೆಯನ ಕಣ್ಣಳತೆ ಮೀರಿ ತಾವಾಗಿಯೇ ಮನೆಯ ಕಡೆ ಹೊರಟಿರುತ್ತವೋ. ಜಲಾಶಯದಿಂದ ನದಿಗೆ ಹೆಚ್ಚು ನೀರು ಬಿಡುವಾಗ ದಡದ ಜನರಿಗೆ ಎಚ್ಚರಿಕೆ ಕೊಡುವ ಪದ್ಧತಿ ಇದೆ. ನದಿಗೆ ಇಳಿಯಬೇಡಿ, ದನಕರು ಬಿಡಬೇಡಿ ಎಂದು ಸಾರುವ ಆ ಪ್ರಕಟಣೆಯಲ್ಲಿ ನೆರೆ ಇಳಿಯುವವರೆಗೆ ಡ್ರೋನ್ ಹಾರಿಸಬೇಡಿ ಎಂಬ ಒಂದು ವಾಕ್ಯವನ್ನು ಜಿಲ್ಲಾಡಳಿತ ಈ ಮಳೆಗಾಲಕ್ಕೆ ಮೊದಲೇ ಸೇರಿಸಬಹುದು.